ಬಾಧಿತರ ಅಧ್ಯಕ್ಷರು

ಮೇಲ್ಸೇತುವೆ ಕೆಲಸದಿಂದ ತೊಂದರೆಗೊಳಗಾದ ಓಣಿಗಳಿಗೆ ಅನುದಾನ ಸಿಗುತ್ತದೆಂದು ತಿಳಿದ ದಿನವೇ ಕಮರಿಪೇಟೆಯ ನಮ್ಮ ಗೋವಿಂದಪ್ಪನವರು 'ಬಾಧಿತರ ಸಂಘ' ಕಟ್ಟಿ ತಾವೇ ಅಧ್ಯಕ್ಷರಾದರು. ಅಂದಿನಿಂದ ಯಾರಾದರೂ 'ಆರಾಮ್ ಅದೀರೇನ್ರಿ?' ಎಂದರೆ, 'ಆರಾಮ್ ಹೆಂಗ ಇರಬೇಕ್ರಿ, ನಾವು ಬಾಧಿತರು' ಎಂದು ಬಿರುದು ಬಂದವರಂತೆ ಎದೆಯುಬ್ಬಿಸುತ್ತಾರೆ. ಹೆಂಡತಿ ಯಂಕವ್ವ ಕುರ್ಚಿ ಒರೆಸಲು ಹೋದರೆ, 'ಧೂಳ ಮುಟ್ಟಬ್ಯಾಡ, ಅದು ಸಾಕ್ಷಿ ಐತಿ' ಎಂದು ತಡೆಯುತ್ತಾರೆ. ಆಕೆ, 'ಹಂಗಾರ ಸಾಕ್ಷಿ ಮ್ಯಾಲೆ ಕುಂದ್ರಬ್ಯಾಡ್ರಿ, ಧೋತ್ರ ಒಗಿಯಾಕಿ ನಾನು' ಎನ್ನುತ್ತಾಳೆ. ಕೆಮ್ಮನ್ನು ಕೂಡ ಅವರು, ಅನುದಾನದ ಸಾಹೇಬರು ಓಣಿ ನೋಡಲು ಬರುವ ದಿನಕ್ಕೆಂದು ಕಾದಿಟ್ಟಿದ್ದರು. ಮೊನ್ನೆ ಸಾಹೇಬರು ನಿಜವಾಗಿಯೂ ಬಂದು, 'ಓಣಿಗೆ ಏನು ಬೇಕು?' ಎಂದಾಗ, ಇವರು ತಮ್ಮ ಹೆಸರಿನ ಕಮಾನು ಕೇಳುತ್ತಾರೆಂದು ನಾವೆಲ್ಲ ನಗಲು ಸಿದ್ಧರಾಗಿದ್ದೆವು. ಗೋವಿಂದಪ್ಪನವರು ಸೇತುವೆಯ ಕಂಬದ ಬುಡ ತೋರಿಸಿ, 'ಇಲ್ಲಿ ಬೇವಿನಗಿಡದ ಕಟ್ಟಿ ಇತ್ರಿ. ಅದು ಹೋದಾಗಿಂದ ಸಂಜೀಕ ಮಾತಾಡಾಕ ಯಾರೂ ಬರವಲ್ರು. ಕುಂದ್ರಾಕ ಒಂದು ಕಟ್ಟಿ ಕಟ್ಟಿಸಿ ಕೊಡ್ರಿ' ಎಂದರು, ಕೆಮ್ಮುವುದನ್ನೇ ಮರೆತು.