ಹರಕೆಯ ವಾರದಲ್ಲಿ ತಿಂದ ಮೊಟ್ಟೆ

ನಮ್ಮ ಶಾಲೆಯಲ್ಲಿ ದಿನ ಶುರುವಾಗುವುದೇ ಕೈ ಎತ್ತುವುದರಿಂದ. "ಮೊಟ್ಟೆ ಯಾರಿಗ್ರೋ?" ಎಂದು ಹೆಡ್‌ಮಾಸ್ಟರು ಕೇಳುತ್ತಾರೆ. ಒಂದಷ್ಟು ಕೈಗಳು ಮೇಲೇಳುತ್ತವೆ. "ಬಾಳೆಹಣ್ಣು?" ಉಳಿದವು ಏಳುತ್ತವೆ. ಅಡುಗೆಯಾಕೆ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಎಣಿಸಿಕೊಂಡು ಒಲೆಯ ಕಡೆ ಹೋಗುತ್ತಾಳೆ. ಆಮೇಲೆ ಪ್ರೇಯರ್, ಆಮೇಲೆ ಪಾಠ.

ನಮ್ಮ ಶಾಲೆ ಎಂದೆ. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ಯಾವ ಪೋಸ್ಟೂ ಇಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಅಂಥದ್ದೇ ಇನ್ನೊಂದು ಕಾನ್ವೆಂಟಿನಲ್ಲಿ ಆಯುಷ್ಯವಿಡೀ ಇಂಗ್ಲಿಷ್ ಹೇಳಿಕೊಟ್ಟು, ರಿಟೈರ್ ಆದ ಮೇಲೆ ಚಾಮರಾಜನಗರದ ತಂಗಿಯ ಮನೆ ಸೇರಿದವಳು ನಾನು. ಸುಮ್ಮನೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ ಎಂದು, ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸು ಹತ್ತಿ, ಉಡಿಗಾಲದ ಆಚೆಗಿನ ಒಂದು ಸಣ್ಣ ಊರಿನಲ್ಲಿ ಇಳಿದು, ಅಲ್ಲಿನ ಸರ್ಕಾರಿ ಪ್ರೈಮರಿ ಶಾಲೆಯ ಮಕ್ಕಳಿಗೆ ರೈಮ್ಸ್ ಹೇಳಿಕೊಡುತ್ತೇನೆ. ಮೊದಲು ಮಿಸ್ ಅಂದರು, ನರೆತ ತಲೆ ನೋಡಿ ಅಜ್ಜಿ ಅಂದರು, ಕೊನೆಗೆ ಎರಡನ್ನೂ ಸೇರಿಸಿ ಮಿಸ್ಸಜ್ಜಿ ಮಾಡಿಕೊಂಡರು. ಐ ಡೋಂಟ್ ಮೈಂಡ್. ನನಗೆ ಬಂದ ಹೆಸರುಗಳಲ್ಲಿ ಇದೇ ಚಂದ.

ಅದು ಕಾರ್ತಿಕದ ಮೊದಲ ವಾರ. ನನ್ನ ಬಾಲ್ಯದ ಇಂಗ್ಲಿಷ್ ರೀಡರಿನಲ್ಲಿ ಆಟಮ್ ಋತು ಅಂದರೆ ಕೆಂಪೆಲೆ ಉದುರುವ ಮರ, ಕೋಟು ತೊಟ್ಟ ಮಕ್ಕಳು. ಇಲ್ಲಿ ಹೊಂಗೆಯಿಂದ ಒಂದು ಎಲೆಯೂ ಉದುರುವುದಿಲ್ಲ. ರಾಗಿ ತೆನೆ ಬಾಗಿರುತ್ತದೆ, ಬೆಳಗಿನ ಹೊತ್ತು ಮಂಜು ಬೀಳುತ್ತದೆ, ಚೆಂಡುಹೂವಿನ ಹೊಲಗಳು ಕಣ್ಣು ಚುಚ್ಚುವಷ್ಟು ಹಳದಿಯಾಗಿರುತ್ತವೆ. ಮಕ್ಕಳ ಅಂಗೈಗಳಿಗೆಲ್ಲ ಆ ಹೂವಿನ ಕಟು ವಾಸನೆ.

ಸೋಮವಾರ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಎಂದಿನಂತೆ ಮೊಟ್ಟೆಗೆ ಕೈ ಎತ್ತಿದಳು. ನಾನೇನೂ ಅದನ್ನು ಗಮನಿಸಿ ನೋಡಲಿಲ್ಲ. ಮಂಗಳವಾರ ಬೆಳಿಗ್ಗೆ, ಮಕ್ಕಳೆಲ್ಲ ಹೂಗಳನ್ನು ಹತ್ತು ಹತ್ತರ ಗುಡ್ಡೆ ಮಾಡಿ ಲೆಕ್ಕ ಕಲಿಯುತ್ತಿದ್ದಾಗ, ಅವಳು ಚಾಪೆಯಿಂದ ಎದ್ದು ಬಂದು ನನ್ನ ಸೆರಗು ಹಿಡಿದಳು.

"ಮಿಸ್ಸಜ್ಜಿ, ಒಂದ್ ಮಾತು. ಯಾರ್ಗೂ ಯೋಳ್ಬಾರ್ದು."

"ಹೇಳಲ್ಲ, ಏನು?"

"ಪ್ರಾಮಿಸ್?"

ಆ ಪದ ನಾನೇ ಕಲಿಸಿದ್ದು. "ಪ್ರಾಮಿಸ್" ಎಂದೆ.

"ನಾ ನೆನ್ನೆ ಮೊಟ್ಟೆ ತಿನ್ಬುಟ್ಟೆ. ನಮ್ಮಪ್ಪ ಸತ್ತೋಯ್ತದಾ?"

ಹೂಗಳ ನಡುವೆ ಕೂತು ಅವಳಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಅಪ್ಪನಿಗೆ ಎದೆಯ ವಾಲ್ವ್ ಕೆಟ್ಟಿದೆ. ಗುಂಡ್ಲುಪೇಟೆಯಲ್ಲಿ ಹೂವಿನ ಮೂಟೆ ಹೊರುತ್ತಿದ್ದವನು ಒಂದು ದಿನ ಲಾರಿಯ ಪಕ್ಕದಲ್ಲೇ ಉಸಿರು ಸಿಕ್ಕಿಕೊಂಡು ಕೂತುಬಿಟ್ಟ. ಈಗ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿದ್ದಾನೆ, ಜೊತೆಗೆ ತಾಯಿ. ಶುಕ್ರವಾರ ಆಪರೇಷನ್. ಊರಿನಲ್ಲಿರುವುದು ಈ ಹುಡುಗಿ ಮತ್ತು ಅಪ್ಪನ ತಾಯಿ, ಇಬ್ಬರೇ. ಆ ಅಜ್ಜಿ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ ಕೈ ಮುಗಿದು ಹರಕೆ ಹೊತ್ತಿದ್ದಾಳೆ: ಮಗ ಗೆದ್ದು ಮನೆಗೆ ಬರುವ ತನಕ ಮನೆಯವರ್ಯಾರೂ ಬಾಡಾಗಲಿ ಮೊಟ್ಟೆಯಾಗಲಿ ಮುಟ್ಟುವುದಿಲ್ಲ. ಒಬ್ಬರು ತಪ್ಪಿದರೂ ಮನೆಯ ಹರಕೆಯೇ ಮುರಿದ ಹಾಗೆ.

"ಕೈ ತಂತಾನೆ ಎದ್ದೋಯ್ತು ಮಿಸ್ಸಜ್ಜಿ. ದಿನಾ ಎತ್ತೀನಲ್ಲ."

"ಮರೆತು ಮಾಡಿದ್ದು ತಪ್ಪಲ್ಲ ಕಣೆ. ಇಟ್ ಈಸ್ ಓಕೆ."

"ತಟ್ಟೆಗ್ ಆಕ್ದಾಗ ಗ್ನಾಪ್ಕ ಬತ್ತು." ಅವಳು ತಲೆ ತಗ್ಗಿಸಿದಳು. "ಆದ್ರೂವೆ ತಿಂದೆ."

ನಮ್ಮ ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರಿಗೆ ಕ್ಯಾಟೆಕಿಸಮ್ ಎಂಬ ಧರ್ಮಪಾಠ, ಮಿಕ್ಕ ನಮಗೆ ಮಾರಲ್ ಸೈನ್ಸ್. ತೆಳು ಗೋಡೆಯಾಚೆಯಿಂದ ಸಿಸ್ಟರ್ ಹೇಳುವುದು ಕೇಳಿಸುತ್ತಿತ್ತು: ಗೊತ್ತಿದ್ದೂ ಮನಸಾರೆ ಮಾಡಿದ್ದೇ ನಿಜವಾದ ಪಾಪ. ಈ ಪುಟ್ಟ ಹುಡುಗಿ ಯಾವ ಕ್ಯಾಟೆಕಿಸಮ್ಮೂ ಇಲ್ಲದೆ ಅಲ್ಲಿಗೇ ಬಂದು ನಿಂತಿದ್ದಳು.

ದೇವರು ಅಷ್ಟು ಸಣ್ಣವನಲ್ಲ, ಡಾಕ್ಟರು ಜಾಣರು, ಮೊಟ್ಟೆಗೂ ಎದೆಗೂ ಸಂಬಂಧವಿಲ್ಲ ಎಂದೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಏನಾರ ಪನಿಶ್‌ಮೆಂಟ್ ಕೊಟ್ಬುಡಿ" ಅಂದಳು.

"ನಾನು ಯಾರಿಗೂ ಕೊಡಲ್ಲ."

"ಬಗ್ಗುಸ್ ನಿಲ್ಸಿ. ಇಲ್ಲಾಂದ್ರೆ ವಡೀರಿ."

ಕೊಡಲಿಲ್ಲ. ಮಧ್ಯಾಹ್ನ ಬಡಿಸುವಾಗ ಗೊತ್ತಾಯಿತು, ಅವಳೇ ಕೊಟ್ಟುಕೊಂಡಿದ್ದಾಳೆ ಎಂದು. ತಟ್ಟೆಯಲ್ಲಿದ್ದ ಅನ್ನ ಸಾರನ್ನು ಪಕ್ಕದವಳ ತಟ್ಟೆಗೆ ಸುರಿದು, ನಲ್ಲಿಯ ನೀರು ಕುಡಿದು ಬಂದಳು. ಬಾಳೆಹಣ್ಣನ್ನೂ ಕೊಟ್ಟುಬಿಟ್ಟಳು.

ಬುಧವಾರ ಎಲೆಯ ಆಲ್ಬಮ್ ಮಾಡುವ ದಿನ. ಹೊಂಗೆ, ಬೇವು, ಹುಣಸೆ, ಸೀಬೆ ಎಲೆಗಳನ್ನು ಕಾಗದದ ಅಡಿಯಿಟ್ಟು ಮೇಲೆ ಕ್ರೇಯಾನ್ ಉಜ್ಜಿದರೆ ನರಗಳೆಲ್ಲ ಮೂಡುತ್ತವೆ. ಮಕ್ಕಳು ಉಸಿರು ಬಿಗಿಹಿಡಿದು ಉಜ್ಜುತ್ತಾರೆ. ಆ ನಿಶ್ಶಬ್ದದಲ್ಲಿ ಪಿಸುಮಾತೊಂದು ಕಿವಿಗೆ ಬಿತ್ತು. ಆ ಹುಡುಗಿಯ ಪಕ್ಕದ ಮನೆಯವಳು, ಎರಡು ಜಡೆಯವಳು.

"ನಿನ್ ಕೆಂಪ್ ಕ್ರೇಯಾನ್ ಕೊಡ್ತೀಯೋ ಇಲ್ವೋ?"

"ನಂದು ಅದು."

"ಸೋಮಾರ ನೀ ಏನ್ ತಿಂದೆ ಅಂತ ನಂಗೊತ್ತು ಕಣಮ್ಮಿ. ನಿಮ್ಮಜ್ಜಿ ಹೂ ಕುಯ್ಯಾಕ್ ನಮ್ಮೊಲುಕ್ಕೇ ಬತ್ತದೆ. ಯೋಳ್ಲಾ?"

ಕೆಂಪು ಕ್ರೇಯಾನ್ ಚಾಪೆಯ ಮೇಲೆ ಉರುಳಿ ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಹಸಿರೂ ಹೋಯಿತು. ನಾನು ಎದ್ದು ಎರಡು ಜಡೆಯವಳನ್ನು ಬೇರೆ ಗುಂಪಿಗೆ ಕೂರಿಸಿದೆ. "ನಾ ಏನ್ಮಾಡ್ದೆ ಮಿಸ್ಸಜ್ಜಿ?" ಎಂದು ಅವಳು ಮುಖ ಊದಿಸಿಕೊಂಡಳು. ಗುಟ್ಟನ್ನು ಎಲ್ಲಿ ಕೂರಿಸಲಿ? ಮಾತು ಬೇರೆಯವರ ಬಾಯಿಂದ ಅಜ್ಜಿಯ ಕಿವಿಗೆ ಬೀಳುವುದಕ್ಕೆ ಇನ್ನೊಂದು ಕ್ರೇಯಾನಿನಷ್ಟೇ ಹೊತ್ತು ಬಾಕಿ. ಅದಕ್ಕಿಂತ ದೊಡ್ಡ ಹೆದರಿಕೆ ಶುಕ್ರವಾರದ್ದು. ಅಪ್ಪನಿಗೆ ಏನಾದರೂ ಆಗಿಬಿಟ್ಟರೆ, ಈ ಹುಡುಗಿ ಯಾರಿಗೂ ಹೇಳದೆ, ತಾನೇ ಕೊಂದೆ ಎಂದುಕೊಂಡು ಬೆಳೆಯುತ್ತಾಳೆ. ಮದುವೆಯಾಗಿ, ಮಕ್ಕಳಾಗಿ, ನನ್ನಷ್ಟು ಮುದುಕಿಯಾದರೂ ಹಾಗೇ ಅಂದುಕೊಂಡಿರುತ್ತಾಳೆ.

ಹೆಡ್‌ಮಾಸ್ಟರ ಹತ್ತಿರ, ಹೆಸರು ಹೇಳದೆ, ಇಂಥದ್ದೊಂದು ಮಾತಿದೆ ಎಂದೆ. ಒಳ್ಳೆಯ ಮನುಷ್ಯ. ಆದರೆ ಮೊಟ್ಟೆ ಎಂದ ಕೂಡಲೇ ಬಾಗಿಲ ಕಡೆ ನೋಡಿದರು.

"ಮನೆ ವಿಷ್ಯ ಮೇಡಂ, ನಾವು ಕೈ ಹಾಕೋದು ಬೇಡ. ನಾಳೆ ಊರಿನೋರೆಲ್ಲ ಬಂದು ಮೊಟ್ಟೆನೇ ನಿಲ್ಸಿ ಅಂದ್ರೆ? ಉಳಿದ ಮಕ್ಕಳ ಗತಿ?"

ಅದೂ ನಿಜವೇ.

ಗುರುವಾರ ಕೊನೆಯ ಪೀರಿಯಡ್ ಆಟ. ಖೋಖೋದಲ್ಲಿ ಯಾರೋ ಖೋ ಕೊಟ್ಟಾಗ ಹುಡುಗಿ ಎದ್ದಳು, ಎರಡು ಹೆಜ್ಜೆ ಓಡಿ, ಮಣ್ಣಿನ ಮೇಲೆ ಮೆತ್ತಗೆ ಕುಸಿದಳು. ಮಕ್ಕಳು ಔಟ್ ಔಟ್ ಎಂದು ಕೂಗುತ್ತಲೇ ಇದ್ದರು. ಅಡುಗೆಯಾಕೆ ಓಡಿ ಬಂದು ತಲೆ ಎತ್ತಿ ಹಿಡಿದು ಸಕ್ಕರೆ ನೀರು ಕುಡಿಸಿದಳು. "ಮೂರ್ ದಿನದಿಂದ ಈ ಮಗ ತಟ್ಟೆ ನೆಕ್ಕುದ್ದೂ ಕಾಣೆ. ಅಪ್ಪುನ್ ಚಿಂತೆ ಕನಾ ಪಾಪ" ಅಂದಳು.

ಮುಖಕ್ಕೆ ಕಳೆ ಮರಳಿದ ಮೇಲೆ ಹುಡುಗಿಯನ್ನು ಹೊಂಗೆಯ ನೆರಳಿಗೆ ಕರೆದುಕೊಂಡು ಹೋದೆ.

"ಇವತ್ತು ಅಜ್ಜಿಗೆ ಹೇಳಬೇಕು."

"ಪ್ರಾಮಿಸ್ ಮಾಡಿದ್ರಿ!"

"ನಾನು ಹೇಳಲ್ಲ. ನೀನು ಹೇಳು. ಪಕ್ಕದಲ್ಲಿ ನಾನು ನಿಂತಿರ್ತೀನಿ."

"ಅಜ್ಜಿ ಕೊಂದಾಕ್ಬುಡ್ತದೆ."

"ನಾಳೆ ಆಪರೇಷನ್ ಆಗೋಕೆ ಮುಂಚೆ ಹೇಳಬೇಕು. ಇವತ್ತೇ."

ನಾಳೆ ಎಂಬ ಮಾತಿಗೆ ಅವಳು ನನ್ನ ಮುಖ ನೋಡಿದಳು. ಹೆದರಿಸುತ್ತಿದ್ದೇನೆಂದು ನನಗೆ ಗೊತ್ತಿತ್ತು. ಕೈ ಹಿಡಿದುಕೊಂಡು ಹೊರಟೆ.

ಅಜ್ಜಿ ಚೆಂಡುಹೂವಿನ ಸಾಲಿನಲ್ಲಿ ಬಗ್ಗಿ ಹೂ ಕೊಯ್ಯುತ್ತಿದ್ದಳು. ಎರಡು ಜಡೆಯವಳ ಮನೆಯ ಹೊಲವೇ ಅದು. ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿಕೊಂಡಳು. ನನ್ನದೇ ವಯಸ್ಸಿರಬೇಕು.

"ಬನ್ನಿ ಮಿಸ್ಸಮ್ಮ. ಇಷ್ಟ್ ದೂರ? ಮೈಸೂರಿಂದ ಫೋನ್ ಬತ್ತಾ?"

"ಇಲ್ಲ ಇಲ್ಲ, ಅದಲ್ಲ. ಇವಳು ಏನೋ ಹೇಳಬೇಕಂತೆ."

ಹುಡುಗಿಯ ಬೆರಳುಗಳು ನನ್ನ ಕೈಯೊಳಗೆ ಬೆವರಿದ್ದವು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: "ಅಜ್ಜಿ, ನಾ ಸೋಮಾರ ಇಸ್ಕೂಲಲ್ಲಿ ಮೊಟ್ಟೆ ತಿನ್ಬುಟ್ಟೆ."

ಅಜ್ಜಿ ಹೂ ತುಂಬಿದ ಮಡಿಲಿನ ಸೆರಗನ್ನು ಬಿಟ್ಟಳು. ಹೂವೆಲ್ಲ ಕಾಲ ಬುಡಕ್ಕೆ ಸುರಿದವು.

"ಹರಕೆ ಗ್ನಾಪ್ಕ ಇರ್ನಿಲ್ವಾ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇತ್ತು" ಅಂದಳು.

ಬೆನ್ನಿಗೆ ಬಿದ್ದ ಏಟಿನ ಸದ್ದು ಪಕ್ಕದ ಸಾಲಿನ ಹೆಂಗಸರಿಗೂ ಕೇಳಿಸಿತು. ಇನ್ನೊಂದು ಬಿತ್ತು. ನಾನು ನಡುವೆ ಕೈ ಒಡ್ಡಿದಾಗ ಅಜ್ಜಿ ನನ್ನ ಮೇಲೆ ತಿರುಗಿದಳು.

"ನೀವ್ ಓದ್ದೋರು. ಕಾರ್ತೀಕ್ದಲ್ಲಿ ಹಿಂಗ್ ಮಕ್ಕಳ್ ತಟ್ಟೆಗೆ ಆಕಾದಾ? ನಾಳಿಂದ ಇವ್ಳು ಇಸ್ಕೂಲ್ಗೆ ಬರಾದ್ ಬ್ಯಾಡ. ಮನೇಲೇ ಬಿದ್ದಿರ್ಲಿ!"

"ಅವಳು ಅವತ್ತಿಂದ ಮಧ್ಯಾಹ್ನದ ಊಟ ಮಾಡಿಲ್ಲ ಅಮ್ಮಾ. ಇವತ್ತು ತಲೆ ಸುತ್ತಿ ಬಿದ್ದಳು. ತಾನು ತಿಂದಿದ್ದಕ್ಕೆ ಅಪ್ಪ ಹೋಗಿಬಿಡ್ತಾನೆ ಅಂತ ಹೆದರಿಕೊಂಡಿದ್ದಾಳೆ."

ಅಜ್ಜಿಯ ಎತ್ತಿದ ಕೈ ಹಾಗೇ ನಿಂತಿತು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ರಾತ್ರಿನೂ ತಟ್ಟೆ ತಳ್ತಿದ್ಲು. ನಾ ಅಪ್ಪುನ್ ನೆನೀತಳೆ ಅನ್ಕಂಡಿದ್ದೆ." ಸಾಲಿನ ನಡುವೆಯೇ ಕುಕ್ಕರಗಾಲಲ್ಲಿ ಕೂತಳು. "ಬಾಮ್ಮಿ ಇಲ್ಲಿ. ನಿಮ್ಮಪ್ಪುನ್ ಎದೆ ಕೆಟ್ಟಿದ್ದು ನೀ ಹುಟ್ಟಾಕೂ ಮುಂಚೆ ಕಣಾ. ನಿನ್ನಿಂದೇನ್ ಅಲ್ಲ. ಆದ್ರೆ ತಪ್ಪು ತಪ್ಪೇಯಾ. ಕಾಣ್ಕೆ ಕಟ್ಬುಡು, ಮುಗೀತದೆ."

ತಪ್ಪುಕಾಣಿಕೆ. ಈ ಪದ ನನಗೂ ಗೊತ್ತಿದ್ದದ್ದೇ, ನನ್ನ ತಾಯಿ ಕಟ್ಟಿದ್ದನ್ನು ಕಂಡಿದ್ದೇನೆ. ಆದರೂ ಆ ವಾರವೆಲ್ಲ ನನಗೆ ಹೊಳೆದಿರಲಿಲ್ಲ. ನನಗೆ ಹೊಳೆಯುತ್ತಿದ್ದದ್ದು ಕಾನ್ವೆಂಟಿನ ಚಾಪಲ್ಲಿನ ಮೂಲೆಯಲ್ಲಿದ್ದ, ಪಾಪ ಹೇಳಿಕೊಳ್ಳುವ ಕನ್ಫೆಷನ್ ಬಾಕ್ಸ್ ಮಾತ್ರ. ಶನಿವಾರ ಶನಿವಾರ ನನ್ನ ಗೆಳತಿಯರು ಅದರೊಳಗೆ ಹೋಗಿ ಹಗುರಾಗಿ ಹೊರಗೆ ಬರುತ್ತಿದ್ದರು. ಹಿಂದೂ ಹುಡುಗಿಯಾದ ನಾನು ಹೊರಗಿನ ಬೆಂಚಿನಲ್ಲಿ ಕೂತು ಅಸೂಯೆ ಪಡುತ್ತಿದ್ದೆ.

ಮನೆಗೆ ಹೋಗಿ ಅಜ್ಜಿ ಹಳೆಯ ಬಿಳಿ ಬಟ್ಟೆಯ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ ಹಿಂಡಿದಳು. ಎಲೆಯಡಿಕೆ ಚೀಲದಿಂದ ಒಂದು ನಾಣ್ಯ ತೆಗೆದು ಹುಡುಗಿಯ ಅಂಗೈಗಿಟ್ಟಳು. ಬೆಟ್ಟದ ದಿಕ್ಕಿಗೆ ನಿಲ್ಲಿಸಿದಳು. "ತಪ್ಪಾಯ್ತು ಅಂತ ಯೋಳು, ನೀನೇ ಗಂಟಾಕು." ಹುಡುಗಿ ಹಲ್ಲು ಕಚ್ಚಿ, ಶೂ ಲೇಸು ಬಿಗಿಯುವ ಹಾಗೆ ಎರಡೆರಡು ಸಲ ಗಂಟು ಬಿಗಿದಳು. "ನಿಮ್ಮಪ್ಪುನ್ ಕರ್ಕಂಡ್ ಬೆಟ್ಟುಕ್ಕೆ ಓಗನ. ನಿನ್ ಕೈಯ್ಯಾರೆ ಹುಂಡಿಗ್ ಆಕು. ಈಗ ಉಣ್ಣು."

ಅವಳು ಉಂಡಳು. ಮುದ್ದೆ, ಉಪ್ಪೆಸರು. ನುಂಗುವ ಸದ್ದು ಕೇಳಿಸುವ ಹಾಗೆ ಉಂಡಳು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಅಜ್ಜಿ ದನಿ ತಗ್ಗಿಸಿದಳು. ಅವಳ ಕೈಗೆ ಮೆತ್ತಿದ್ದ ಅರಿಶಿನ ಇನ್ನೂ ಹಸಿಯಾಗಿತ್ತು. "ನಂಗೂ ಎದ್ರಿಕೆ ಅದೆ ಮಿಸ್ಸಮ್ಮ. ಮುರ್ದ ಹರಕೆ ಅಲ್ವಾ. ಮಗಿನ್ ಮುಂದೆ ಅಂಗನ್ನಕ್ಕಾದ್ದಾ?" ನಾನು ಕೇಳಿದ್ದು ಇಷ್ಟೇ: "ನಾಳೆ ಶಾಲೆಗೆ ಕಳಿಸ್ತೀರಾ?" "ನೋಡನ" ಎಂದು ಅವಳು ಒಳಗೆ ಹೋದಳು.

ಶುಕ್ರವಾರ ಹುಡುಗಿ ಬಂದಳು. ಜಡೆಗೆ ಹೂ ಮುಡಿದಿದ್ದಳು. ಮೈಸೂರಿನಿಂದ ಫೋನ್ ಬರಬೇಕಾದದ್ದು ಹೆಡ್‌ಮಾಸ್ಟರಿಗೆ, ಅಜ್ಜಿಯ ಹತ್ತಿರ ಫೋನಿಲ್ಲ. ಟೇಬಲ್ಲಿನ ಮೇಲಿನ ಆ ಮೊಬೈಲು ಅವತ್ತು ಬಾಯಿ ಮುಚ್ಚಲೇ ಇಲ್ಲ. ಒಂದು ಸಲ ಆಫೀಸಿನವರು, ಒಂದು ಸಲ ಗ್ಯಾಸಿನವರು, ಇನ್ನೊಂದು ಸಲ ಲೋನ್ ಬೇಕೇ ಎಂದು ಯಾರೋ. ಪ್ರತಿ ಸಲವೂ ರೈಮ್ಸಿನ ನಡುವೆ ನನ್ನ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಮಕ್ಕಳೂ ಅದೇ ಆ್ಯಕ್ಷನ್ ಎಂದುಕೊಂಡು ಕೈ ಹಾಗೇ ಹಿಡಿದು ನಿಲ್ಲುತ್ತಿದ್ದರು. ಹುಡುಗಿ ಮಾತ್ರ ಫೋನಿನ ಕಡೆ ನೋಡುತ್ತಿದ್ದಳು.

ಮಧ್ಯಾಹ್ನ ಎಲ್ಲರೊಂದಿಗೆ ಸಾಲಿನಲ್ಲಿ ನಿಂತು ಊಟ ಮಾಡಿದಳು. ಆಮೇಲೆ ಅಕ್ಷರದ ಕಾರ್ಡ್ ಜೋಡಿಸುತ್ತ ಜೋಡಿಸುತ್ತ ಚಾಪೆಯ ಮೇಲೆ ವಾಲಿ ನಿದ್ದೆ ಹೋದಳು. ಆ ವಾರ ಅವಳು ರಾತ್ರಿ ಮಲಗಿದ್ದಳೋ ಇಲ್ಲವೋ. ಎಬ್ಬಿಸಬೇಡಿ ಎಂದು ಮಕ್ಕಳಿಗೆ ಸನ್ನೆ ಮಾಡಿದೆ.

ಫೋನ್ ಬಂದಾಗ ಹೆಡ್‌ಮಾಸ್ಟರು ಅದನ್ನು ಕಿವಿಗೊತ್ತಿಕೊಂಡು ಜಗಲಿಗೆ ಹೋದರು. ಅವರ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಹೂಂ ಅಂದರು, ಹೂಂ ಅಂದರು. ಬೆನ್ನಿನಿಂದ ಏನು ತಿಳಿಯುತ್ತದೆ? ಒಳಗೆ ಬಂದು ನನ್ನ ಹತ್ತಿರ ಬಗ್ಗಿದರು. "ಮುಗೀತಂತೆ ಮೇಡಂ. ಎಚ್ಚರ ಆಗಿದೆಯಂತೆ. ಹೆಂಡ್ತೀನ ಗುರುತು ಹಿಡಿದನಂತೆ."

ಥ್ಯಾಂಕ್ ಗಾಡ್ ಎಂದು ಇಂಗ್ಲಿಷಿನಲ್ಲೇ ಬಂತು. ಹುಡುಗಿಯ ಕೆನ್ನೆ ತಟ್ಟಿದೆ. ಕಣ್ಣು ಬಿಟ್ಟವಳು ನನ್ನ ಮುಖವನ್ನೇ ನೋಡಿದಳು. ಹೇಳಿದೆ. ಎದ್ದು ಕೂತಳು, ಇನ್ನೊಂದು ಸಲ ಹೇಳಿಸಿಕೊಂಡಳು.

"ಅಜ್ಜಿಗೆ?"

"ನೀನೇ ಹೇಳಬೇಕು."

"ಬಿರ್ರನೆ ಬನ್ನಿ ಮಿಸ್ಸಜ್ಜಿ!"

ನಾನು ಎಲ್ಲಿಯ ಬಿರ್ರನೆ. ಗೇಟು ದಾಟುವಷ್ಟರಲ್ಲಿ ಅವಳು ಆಗಲೇ ಹೊಲದ ಬದುವಿನ ಮೇಲಿದ್ದಳು. ಹೂವಿನ ಸಾಲಿನಿಂದ ಅಜ್ಜಿ ತಲೆ ಎತ್ತಿದ್ದು ಕಾಣಿಸಿತು. "ಓಡ್ಬ್ಯಾಡ ಕಣಮ್ಮಿ, ಬಿದ್ದೀಯೆ!" ಎಂದು ಕೂಗಿದಳು, ಹೆದರಿದ ದನಿ. ಹುಡುಗಿ ಓಡುತ್ತಲೇ ಏನೋ ಕಿರುಚಿದಳು. ಗಾಳಿ ಅತ್ತ ಕಡೆಗಿತ್ತು, ನನಗೆ ಕೇಳಿಸಲಿಲ್ಲ. ಅಜ್ಜಿಗೆ ಕೇಳಿಸಿರಬೇಕು. ನಿಂತಲ್ಲೇ ಕೂತುಬಿಟ್ಟಳು, ಹೂವಿನ ಗಿಡಗಳ ಮೇಲೆ ಬರಿ ತಲೆ ಕಾಣುವ ಹಾಗೆ. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ತಲೆ.