ಪೆಟ್ಟಿಗೆ ಬರುವತನಕ

ಟೆಂಟ್ ಸಿನೆಮಾದ ಡೇರೆಯೊಳಗೆ ನಡುಮಧ್ಯಾಹ್ನ ಹೋಗಿ ಕೂತವರು ಕಡಿಮೆ. ಸವಣೂರಿನ ಹೊರಗೆ, ಎಲೆತೋಟಗಳ ಪಕ್ಕ ಹಾಕಿದ್ದ ಡೇರೆಯಲ್ಲಿ ನಾನು ಒಂದಿಡೀ ಬೇಸಿಗೆ ಕೂತಿದ್ದೇನೆ. ತೇಪೆ ಹಾಕಿದ ಬಟ್ಟೆಯ ತೂತುಗಳಿಂದ ಬಿಸಿಲು ಇಳಿದು ಮರಳಿನ ಮೇಲೆ ಬಿಲ್ಲೆಬಿಲ್ಲೆಯಾಗಿ ಬಿದ್ದಿರುತ್ತಿತ್ತು. ಗಾಳಿ ಬಂದರೆ ಡೇರೆ ಉಬ್ಬುತ್ತಿತ್ತು, ಬಿಲ್ಲೆಗಳೆಲ್ಲ ಒಟ್ಟಿಗೆ ಅತ್ತ ಸರಿದು ಮತ್ತೆ ಇತ್ತ ಬರುತ್ತಿದ್ದವು. ಹಿಂದಿನ ಆಟದ ಶೇಂಗಾ ಸಿಪ್ಪೆ, ಬೀಡಿಯ ವಾಸನೆ, ಯಾರದೋ ಮುಡಿಯಿಂದ ಜಾರಿದ ಅಬ್ಬಲಿಗೆ. ನಿದ್ದೆಯೋ ಎಚ್ಚರವೋ ತಿಳಿಯದ ಆ ಹೊತ್ತಿನಲ್ಲಿ ನಾನು ಚಿತ್ರ ಬರೆಯುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯಲು ಬಂದಿತ್ತು. ಧಾರವಾಡದಲ್ಲಿ ಚಿತ್ರಕಲೆ ಕಲಿತು, ಕೈಯಲ್ಲಿ ಕೆಲಸವಿಲ್ಲದೆ ಊರಿಗೆ ಮರಳಿದ್ದೆ. ಟೆಂಟಿನ ಮಾಲಕರಿಗೆ ಬೋರ್ಡು ಬರೆದುಕೊಡುತ್ತಿದ್ದೆ. ನಾಯಕನ ಮೀಸೆ, ನಾಯಕಿಯ ಕಣ್ಣು, ಖಳನಾಯಕನ ಕೆಂಪು ಅಂಗಿ, ಇಷ್ಟೇ ವಿದ್ಯೆ. ಅದಕ್ಕೆ ಬದಲಾಗಿ ಅವರು ಹಗಲಿನ ಡೇರೆಯನ್ನೂ ಒಂದು ಹರಿದ ಹಳೆಯ ಪರದೆಯನ್ನೂ ನನಗೆ ಬಿಟ್ಟುಕೊಟ್ಟಿದ್ದರು. ಆ ಪರದೆಯನ್ನು ಹೊಲಿದು, ಮರಳ ಮೇಲೆ ಹಾಸಿ, ಅದರ ಮೇಲೆ ಮೊಣಕಾಲೂರಿ, ಕಣ್ಣೆದುರಿನ ಬಿಸಿಲನ್ನಷ್ಟೇ ಬರೆದೆ. ಮೀಸೆಯಿಲ್ಲ, ಕಣ್ಣಿಲ್ಲ. ಕಡುನೀಲಿ, ಅದರೊಳಗೆ ತೇಲುವ ಹಳದಿ, ಒಂದು ಮೂಲೆಯಲ್ಲಿ ಎಳೆಯ ವೀಳ್ಯದೆಲೆಯ ಹಸಿರು.

ಮನೆಗೆ ಒಯ್ದು ಪಡಸಾಲೆಯಲ್ಲಿ ಬಿಚ್ಚಲು ಹೋದರೆ ಚಿತ್ರ ಅರ್ಧವಾಗುವಷ್ಟರಲ್ಲಿ ಗೋಡೆ ಮುಗಿಯಿತು. ಅಪ್ಪ ಸಂಸ್ಕೃತ ಪಾಠ ಹೇಳುತ್ತಿದ್ದವರು, ಮಠ ಬಿಟ್ಟರೆ ಮನೆ. ಉಳಿದರ್ಧ ಬಿಚ್ಚು ಎನ್ನಲಿಲ್ಲ.

"ಇದರಾಗ ಏನದ?"

"ಬೆಳಕು ಅದರಿ."

"ಬೆಳಕು ನೋಡ್ಲಿಕ್ಕೆ ಅಂಗಳಕ್ಕ ಹೋದ್ರಾತು."

ಆಮೇಲೆ ಬ್ಯಾಂಕಿನ ಪರೀಕ್ಷೆಯ ಮಾತು. ನಾನು ಮುಖ ಊದಿಸಿಕೊಂಡೆ, ಅವ್ವ ಕಣ್ಣೊರೆಸಿಕೊಂಡಳು, ಮೂರೂ ಜನ ಊಟ ಬಿಟ್ಟೆವು. ಕೊನೆಗೆ ಅಪ್ಪ, ವೀಳ್ಯದೆಲೆಗೆ ಹೆಸರಾದ ಸವಣೂರಿನವರಿಗೆ ಮಾತ್ರ ಹೊಳೆಯುವಂಥ ಒಂದು ಕರಾರು ಹಾಕಿದರು.

"ಈ ಊರಿನ ಒಬ್ಬ ಮನಷ್ಯಾ, ನಿನ್ನ ಗೆಳ್ಯಾ ಅಲ್ಲ, ಬಾಯಾಗ ಎಲಿ ಅಡಕಿ ಹಾಕ್ಕೊಂಡು ಅದು ಮುಗಿಯೂತನಕ ಈ ಅರಿವಿ ನೋಡ್ಲಿ. ನಾ ಬ್ಯಾಂಕಿನ ಸುದ್ದಿ ಎತ್ತೂದಿಲ್ಲ. ಇಲ್ಲಾಂದ್ರ ದೀಪಾವಳಿ ಆದ ಕೂಡ್ಲೆ ಪರೀಕ್ಷಾಕ್ಕ ಕೂಡು."

ಕೇಳಿದವರು ನಕ್ಕಾರು, ನನಗೆ ಮಾತ್ರ ಅದು ನಗೆಯ ಮಾತಾಗಿರಲಿಲ್ಲ. ಹಾನಗಲ್ಲಿನ ಶಾಲೆಯೊಂದರಲ್ಲಿ ನನ್ನ ಚಿತ್ರ ತೂಗುಹಾಕಿದ್ದಾಗ ಜನ ಒಂದು ಬಾಗಿಲಿಂದ ಬಂದು ಇನ್ನೊಂದರಿಂದ ಹೋಗಿದ್ದರು. ಎಲೆ ಜಗಿಯುವುದಿರಲಿ, ಅದಕ್ಕೆ ಸುಣ್ಣ ಹಚ್ಚುವಷ್ಟು ಹೊತ್ತೂ ಯಾರೂ ನಿಂತಿರಲಿಲ್ಲ. ಚಿತ್ರ ಸುತ್ತಿ ಮತ್ತೆ ಡೇರೆಯಲ್ಲೇ ಇಟ್ಟೆ. ಬೇಸಿಗೆ ಕಳೆಯಿತು.

ಒಂದು ಸಂಜೆ ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಬರಬೇಕಿದ್ದ ರೀಲಿನ ಪೆಟ್ಟಿಗೆ ಬರಲಿಲ್ಲ. ತಡಸದ ಹತ್ತಿರ ಬಸ್ಸು ಕೆಟ್ಟಿದೆ ಎಂದು ಸುದ್ದಿ. ಜನ ಆಗಲೇ ಟಿಕೀಟು ತೆಗೆಸಿ ಮರಳಲ್ಲಿ ತುಂಬಿದ್ದರು. ಎಡಕ್ಕೆ ಹೆಣ್ಣುಮಕ್ಕಳು, ಬಲಕ್ಕೆ ಗಂಡಸರು, ನಡುವೆ ಮೋಟು ಮಣ್ಣುಗೋಡೆ. ಸೀಟಿ ಶುರುವಾಯಿತು. ಮಾಲಕರು ನನ್ನ ತೋಳು ಹಿಡಿದರು.

"ಆರ್ಟಿಸ್ಟ್ರ, ನಿಮ್ಮ ಪಡದೆ ಕಟ್ರಿ. ಎದರಿಗೆ ಏನಾರ ಇದ್ರ ಮಂದಿ ಕುಂದರ್ತಾರ."

ಕಟ್ಟಿದೆ. ಜನರೇಟರಿನ ದೀಪ ಅದರ ಮೇಲೆ ಬಿತ್ತು. ಪರದೆ ಬೆಳಗಿದಾಗ ಜನ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಮಕ್ಕಳ ಬಾಯಿ ಮುಚ್ಚಿ, ಕಾಲು ಮಡಚಿ, ಸುಮ್ಮನಾದರು. ನಾನು ಬಟ್ಟೆಯ ಹಿಂದೆ ನಿಂತೆ.

"ಇದು ಅಲಗಾಡವಲ್ದಲ್ಲೋ," ಎಂದಿತು ಒಂದು ಮುದಿ ದನಿ.

"ತಡೀರಿ ಯಜ್ಜಾ," ಹೆಣ್ಣುಮಕ್ಕಳ ಕಡೆಯಿಂದ ಒಬ್ಬಾಕೆ ಗದರಿದಳು. "ಇದು ಕನಸಿನ ಸೀನ್ ಐತಿ. ಮದಲ ಹಿಂಗ ಬಣ್ಣ ಬರತೈತಿ, ಆಮ್ಯಾಲೆ ಹೊಗಿ, ಆಮ್ಯಾಲೆ ಹಾಡು."

ಎಲ್ಲರಿಗೂ ಸಮಾಧಾನವಾಯಿತು. ನನಗೆ ಆಗ ಹೊಳೆಯಿತು. ಸಿನೆಮಾದ ಕನಸಿನಲ್ಲಿ ಮನೆಯಿಲ್ಲ, ದಾರಿಯಿಲ್ಲ, ಬರೀ ಬಣ್ಣ ಹರಿಯುತ್ತದೆ. ಶಿಗ್ಗಾಂವಿಯಲ್ಲಾಗಲಿ ಹಿರೇಕೆರೂರಿನಲ್ಲಾಗಲಿ, ಇದರಲ್ಲಿ ಏನಿದೆ ಎಂದು ಒಬ್ಬರಾದರೂ ಟೆಂಟಿನವರ ಜೊತೆ ಜಗಳಕ್ಕೆ ಬಿದ್ದದ್ದುಂಟೆ? ಆ ಪ್ರಶ್ನೆಯನ್ನು ಎಲ್ಲರೂ ನನಗಾಗಿಯೇ ಎತ್ತಿಟ್ಟಿದ್ದರು.

ಈಗ ಇದು ಯಾರ ಕನಸು ಎಂಬ ಚರ್ಚೆ ಹತ್ತಿತು. ನಾಯಕಿಯದು ಎಂದರು ಕೆಲವರು. ಅಲ್ಲ, ಸತ್ತ ತಾಯಿಯದು ಎಂದರು. ಆ ನೀಲಿ ಮಾಸೂರಿನ ಕೆರೆಯೆಂದೂ ಅದು ತನ್ನ ತವರೆಂದೂ ಒಬ್ಬಾಕೆ ಮೆಲ್ಲಗೆ ಹೇಳಿದಳು. ಯಾರೋ ಗುನುಗತೊಡಗಿದರು, ಇನ್ನಾರೋ ದನಿಗೂಡಿಸಿದರು, ಬರಬೇಕಿದ್ದ ಹಾಡು ಜನರ ನಡುವಿನಿಂದಲೇ ಬಂತು. ಗಾಳಿಗೆ ಬಟ್ಟೆ ಅಲುಗಿದಾಗ ಹಳದಿಯೂ ಅಲುಗಿತು. ಬಸ್ಸು ಅಲ್ಲೇ ತಡಸದಲ್ಲೇ ಇರಲಿ ದೇವರೇ ಎಂದು ಬೇಡಿಕೊಂಡೆ. ಅಷ್ಟು ಸುಖವನ್ನು ನಾನು ಆಮೇಲೆ ಯಾವ ದೊಡ್ಡ ಊರಿನ ಪ್ರದರ್ಶನದಲ್ಲೂ ಕಂಡಿಲ್ಲ.

ಹೊರಗೆ ಹಾರ್ನ್ ಕೇಳಿತು.

"ಪೆಟ್ಟಿಗಿ ಬಂತು! ತೆಗೀರಿ ಅದನ್ನ!"

ತಿಂದುಳಿದ ಖಾರದ ಪೊಟ್ಟಣವೊಂದು ಹಾರಿಬಂದು ಬಟ್ಟೆಗೆ ಬಡಿಯಿತು. ಒಂದು ಗಳಿಗೆಯ ಹಿಂದೆ ತವರು ಕಂಡ ಹೆಂಗಸೂ ಚಪ್ಪಾಳೆ ತಟ್ಟುತ್ತಿದ್ದಳು. ಹಗ್ಗ ಬಿಚ್ಚಿದೆ. ಬಟ್ಟೆ ಕೆಳಗೆ ಕುಸಿದಾಗ, ಜನರೆಲ್ಲರ ಹಿಂದೆ, ಕುರ್ಚಿಯೊಂದರಲ್ಲಿ ಅಪ್ಪ ಕಾಣಿಸಿದರು. ಜನ್ಮದಲ್ಲಿ ಟೆಂಟು ಮೆಟ್ಟಿದವರಲ್ಲ. ಕತ್ತಲಾದರೂ ಮಗ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದರಂತೆ, ಬಾಗಿಲಲ್ಲಿದ್ದವನು ಗೌರವದಿಂದ ಕೂರಿಸಿದ್ದ. ಮೊಣಕಾಲ ನಡುವೆ ಕೊಡೆ, ಕೆನ್ನೆಯಲ್ಲಿ ಎಲೆಯ ಉಬ್ಬು.

ಆಟ ಶುರುವಾಗುವ ಮೊದಲೇ ಇಬ್ಬರೂ ಹೊರಬಿದ್ದೆವು. ಬಟ್ಟೆಯ ಸುರುಳಿ ನನ್ನ ಹೆಗಲ ಮೇಲೆ ಭಾರವಾಗಿತ್ತು. ಅಪ್ಪ ಜಗಿಯುತ್ತ ನಡೆಯುತ್ತಿದ್ದರು. ನನಗೇ ತಡೆಯಲಾಗಲಿಲ್ಲ.

"ಅಪ್ಪಾ, ಇದನ್ನ ಕರಾರಿಗೆ ಹಿಡೀಬ್ಯಾಡ್ರಿ. ಮಂದಿ ನನ್ನ ಚಿತ್ರಕ್ಕ ಕೂತಿದ್ದಿಲ್ಲ. ಪೆಟ್ಟಿಗಿ ಹಾದಿ ಕಾಯ್ಲಿಕತ್ತಿದ್ರು."

ಎಲೆತೋಟದ ಬೇಲಿ ಬಂತು. ಅಪ್ಪ ನಿಂತರು. ಬಾಯಲ್ಲಿ ಉಳಿದಿದ್ದನ್ನು ಬೇಲಿಯ ಬದಿಗೆ ಉಗುಳಿ, ಉತ್ತರೀಯದಿಂದ ತುಟಿ ಒರೆಸಿಕೊಂಡರು.

"ನಾನೂ ಇದ ಊರಾವನಲ್ಲೇನೋ," ಅಂದರು. "ನಾ ಯಾವ ಪೆಟ್ಟಿಗಿ ಹಾದೀನೂ ಕಾಯ್ತಿದ್ದಿಲ್ಲ."