ಕೊನೆಯ ದೃಶ್ಯದ ಕುರ್ಚಿ

ನಾನು ಬರೆದ ನಾಟಕವನ್ನು ಯಾರಾದರೂ ಹೊಗಳಿದರೆ ನನಗೆ ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸುತ್ತದೆ. ಇದು ವಿನಯ ಅಂದುಕೊಳ್ಳಬೇಡಿ. ವಿನಯ ನನ್ನ ಜಾಯಮಾನದಲ್ಲೇ ಇಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ. ಇದು ಬರೀ ನಾಚಿಕೆ. ಎಲ್ಲರೂ ಹೊಗಳುವುದು ನಾಟಕದ ಕೊನೆಯ ದೃಶ್ಯವನ್ನು. ಅವರು ನೋಡಿದ ಆ ದೃಶ್ಯವನ್ನು ನಾನು ಬರೆದೇ ಇರಲಿಲ್ಲ.

ಗೋಣಿಬೀಡಿನಿಂದ ಸ್ವಲ್ಪ ಒಳಗೆ ನಮ್ಮ ಕಾಫಿ ತೋಟ. ಮನೆಯಲ್ಲಿ ಮಾವ, ಭಾವ, ಅಕ್ಕ, ನನ್ನ ಗಂಡ ಮತ್ತು ನಾನು. ಅಕ್ಕ ಅಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ನಾನು ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ನನಗೆ ತಾಯಿ, ಗೆಳತಿ, ಜಗಳಕ್ಕೆ ಜೊತೆ ಎಲ್ಲ ಅವರೇ.

ನಮ್ಮ ಮನೆಯ ಹೆಂಗಸರು ಮಾವನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ. ಕೂರಬೇಡಿ ಎಂದು ಮಾವ ಒಂದು ದಿನವೂ ಅಂದವರಲ್ಲ. ಅವರಿಗೆ ಅದು ಗಮನಕ್ಕೆ ಬಂದಿದೆಯೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಅವರು ಒಳಗೆ ಬಂದರು ಅಂದರೆ ನಾವು ಎದ್ದೆವು, ಬಾಗಿಲ ಪಟ್ಟಿ ಹಿಡಿದು ನಿಂತೆವು, ಅಷ್ಟೇ. ನಾನು ಕಾರು ಓಡಿಸುತ್ತೇನೆ, ಬ್ಯಾಂಕಿಗೆ ಹೋಗುತ್ತೇನೆ, ಕಾಫಿ ವ್ಯಾಪಾರಿಯ ಜೊತೆ ರೇಟಿಗಾಗಿ ಗಲಾಟೆ ಮಾಡುತ್ತೇನೆ. ಆದರೂ ಮಾವನ ಊರುಗೋಲಿನ ಸದ್ದು ಕೇಳಿದರೆ ತಲೆಗಿಂತ ಮೊದಲು ಕಾಲು ಏಳುತ್ತದೆ. ಕೇಳಿದವರಿಗೆಲ್ಲ ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಎಂದು ನಾನೇ ಹೇಳಿಕೊಂಡು ಬಂದಿದ್ದೇನೆ.

ಅಕ್ಕನಿಗೆ ಈಗ ಮಂಡಿ ನೋವು, ಎರಡೂ ಕಾಲಿಗೆ. ಹೆಚ್ಚು ಹೊತ್ತು ನಿಲ್ಲಬೇಡಿ ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿದಾಗ ಅಕ್ಕ ನಕ್ಕುಬಿಟ್ಟರು. ಡಾಕ್ಟರಿಗೆ ಆ ನಗು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಮತ್ತು ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ನಾಟಕ ಮಾಡುವುದು ಎಂದು ಯೋಚಿಸಿಕೊಂಡು ಬಂದೆ. ಮನೆಗೆ ಬಂದು ಅವರಿಗೊಂದು ಕುರ್ಚಿ ಎಳೆದು ಹಾಕಬಹುದಿತ್ತು. ನಾನು ಪೆನ್ನು ಹುಡುಕಿದೆ.

ನಮ್ಮದೊಂದು ಹೆಂಗಸರ ಸಂಘವಿದೆ. ಕಾಫಿ ಕುಯ್ಲು ಮುಗಿದು, ಗಂಡಸರೆಲ್ಲ ಗಿಡಗಳಲ್ಲಿ ಹೂವರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಹೊತ್ತಿಗೆ ಮೂಡಿಗೆರೆಯಲ್ಲಿ ಅದರ ವಾರ್ಷಿಕೋತ್ಸವ. ಆ ವರ್ಷಕ್ಕೆ ನನ್ನ ನಾಟಕ ಎಂದಾಯಿತು. ಕಥೆ ಸಣ್ಣದು. ಮೊದಲ ದೃಶ್ಯದಲ್ಲಿ ಒಂದು ಊಟದ ಮೇಜು. ಮನೆಯವರೆಲ್ಲ ಕೂತು ಉಣ್ಣುತ್ತಾರೆ, ಮನೆಯಾಕೆ ನಿಂತು ಬಡಿಸುತ್ತಾಳೆ. ತೋಟ, ಮದುವೆ, ಜಗಳ ಎಲ್ಲದರ ತೀರ್ಮಾನ ಆ ಮೇಜಿನ ಮೇಲೆಯೇ ನಡೆಯುತ್ತದೆ, ನಿಂತವಳನ್ನು ಯಾರೂ ಕೇಳುವುದಿಲ್ಲ. ಎರಡನೆಯ ಮತ್ತು ಕೊನೆಯ ದೃಶ್ಯದಲ್ಲಿ ಮೇಜಿಲ್ಲ, ಜನರಿಲ್ಲ, ಒಂದೇ ಒಂದು ಕುರ್ಚಿ. ಆಕೆ ಬರುತ್ತಾಳೆ, ಕುರ್ಚಿಯನ್ನು ನೋಡುತ್ತಾಳೆ, ಕೂರುತ್ತಾಳೆ. ಮಾತಿಲ್ಲ. ಪರದೆ ಬೀಳುತ್ತದೆ.

ಆ ಕುರ್ಚಿಯ ಬಗ್ಗೆ ನನಗಿದ್ದ ಜಂಬ ಹೇಳತೀರದು. 'ಇದು ಬರೀ ಕುರ್ಚಿಯಲ್ಲ, ಸಂಕೇತ' ಎಂದು ದಿನಾ ಭಾಷಣ ಬಿಗಿಯುತ್ತಿದ್ದೆ. ಸಂಘದ ಹೆಂಗಸರು ನನ್ನನ್ನು ಕಂಡ ಕೂಡಲೇ 'ಸಂಕೇತ ಬಂತು, ಏಳ್ರೇ' ಎಂದು ನಗುತ್ತಿದ್ದರು. ಸಂಕೇತ ಗಟ್ಟಿಯಾಗಿರಲಿ ಎಂದು ನಮ್ಮ ಮನೆಯ ಊಟದ ಮೇಜಿನ ತುದಿಯಲ್ಲಿರುವ, ಕೈಯಿರುವ, ಬೆತ್ತ ಹೆಣೆದ ಕುರ್ಚಿಯನ್ನೇ ತಂದೆ. ಅದರಲ್ಲಿ ಕೂರುವುದು ಮಾವ ಒಬ್ಬರೇ. ನಾಟಕಕ್ಕೆ ಬೇಕಿತ್ತು ಅಂದಾಗ ಅವರು ಪೇಪರಿನಿಂದ ತಲೆ ಎತ್ತದೆ ಹ್ಞೂಂ ಅಂದಿದ್ದರು.

ನಮ್ಮ ಕಾಫಿ ಗೋಡೌನಿನಲ್ಲಿ ಮಧ್ಯಾಹ್ನದ ಹೊತ್ತು ರಿಹರ್ಸಲ್. ಮನೆಯಾಕೆಯ ಪಾತ್ರಕ್ಕೆ ಒಪ್ಪಿದ್ದವರು, ಮನೆಯಲ್ಲಿ ಬೇಡ ಅಂದರಂತೆ, ಬರುವುದು ನಿಲ್ಲಿಸಿದರು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಎಲ್ಲರಿಗೂ ಕಾಫಿ ತಂದಿದ್ದ ಅಕ್ಕ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ ಕೇಳಿದರು.

"ಮಾತು ಎಷ್ಟುಂಟೆ ಅವ್ಳಿಗೆ?"

"ಮಾತೇ ಇಲ್ಲ ಅಕ್ಕ."

"ಕೊನೇಲಿ ಕೂರೋದು ಉಂಟಲ್ಲ, ಅದು ನಿಜಕ್ಕೂ ಕೂರೋದೇನಾ?"

"ನಿಜಕ್ಕೂ ಕೂರೋದೇ."

"ಹಂಗಾದ್ರೆ ನಾನೇ ಮಾಡ್ತೀನಿ ಬಿಡು."

ಬಡಿಸುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಕೂರುವುದು ಮಾತ್ರ ಬರಲಿಲ್ಲ. ಮೊದಲ ದಿನ ಕುರ್ಚಿಯ ತುದಿಯಲ್ಲಿ, ಯಾರೋ ಕರೆದರೆ ಏಳಬೇಕು ಅನ್ನುವ ಹಾಗೆ ಕೂತರು. 'ಬಸ್ಸಿಗೆ ಕಾಯ್ತಾ ಇದ್ದೀರಾ ಅಕ್ಕ?' ಎಂದು ರೇಗಿಸಿದೆ. ಆಮೇಲಾಮೇಲೆ ಸ್ವಲ್ಪ ಹಿಂದೆ ಸರಿದರು. ಒಂದು ದಿನ ಬೆನ್ನು ಪೂರ್ತಿ ಆನಿಸಿ, ಎರಡೂ ಕೈ ಕುರ್ಚಿಯ ಕೈಗಳ ಮೇಲೆ ಚಾಚಿ, ಕಾಲು ನೀಡಿ ಕಣ್ಣು ಮುಚ್ಚಿಕೊಂಡರು. ನನಗೆ ಅಳು ಬಂತು, ಅದನ್ನು ಮರೆಸಲು ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳ ಹಿಂದೆ ಹೋಗಿ ಮೂಗು ಸೀಟಿದೆ.

ನಾಟಕದ ದಿನ ಹತ್ತಿರ ಬಂದಾಗ ಅಕ್ಕ ಕೇಳಿದರು. "ಮಾವ ಬರ್ತಾರಾ?"

"ಅವ್ರು ಎಲ್ಲಿಗೆ ಹೋಗ್ತಾರೆ ಈಗ? ಬರಲ್ಲ, ನೀವು ಹೆದರ್ಬೇಡಿ."

"ಹೆದರ್ಕೊಂಡು ಕೇಳಿದ್ದಲ್ಲ ಮಾರಾಯ್ತಿ. ಬರ್ಲಿ ಅಂತ ಕೇಳಿದ್ದು. ಅವ್ರು ನೋಡ್ತಿರ್ಬೇಕಾದ್ರೆ ನಾನು ಒಂದ್ಸಲ ಕೂರ್ಬೇಕು. ಇನ್ನೆಂತ ಆಸೆ ಉಂಟು ನಂಗೆ?"

ನಾನು ಅವರ ಕೈ ಹಿಡಿದುಕೊಂಡೆ. ಈ ಮಾತನ್ನೂ ನಾಟಕದಲ್ಲಿ ಸೇರಿಸಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡಿತು.

ಮೂಡಿಗೆರೆಯ ಹಾಲ್ ಆ ಮಧ್ಯಾಹ್ನ ಭರ್ತಿಯಾಗಿತ್ತು. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿ, ಸಂಘದ ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಮೊದಲ ದೃಶ್ಯ ಚೆನ್ನಾಗಿ ಆಯಿತು. ಪರದೆ ಎಳೆದು ಮೇಜನ್ನೂ ಬೆಂಚುಗಳನ್ನೂ ಒಳಗೆ ತಂದೆವು. ಮಾವನ ಕುರ್ಚಿ ಪಕ್ಕದಲ್ಲಿ ನನ್ನ ಹತ್ತಿರವೇ ಇತ್ತು. ಅದನ್ನು ವೇದಿಕೆಯ ನಡುವೆ ಇಡುವುದು ನನ್ನ ಕೆಲಸ. ಆ ಕೆಲಸವನ್ನು ಬೇರೆಯವರಿಗೆ ಕೊಡಲು ನಾನೇ ಒಪ್ಪಿರಲಿಲ್ಲ.

ಪಕ್ಕದ ಬಾಗಿಲಿನಿಂದ ಹಾಲಿನತ್ತ ನೋಡಿದೆ. ಮಾವ ನಿಂತಿದ್ದರು. ಬಿಳಿ ಪಂಚೆ, ಊರುಗೋಲು, ಹಿಂದೆ ನಮ್ಮ ಜೀಪಿನ ಡ್ರೈವರ್. ಅಕ್ಕ ಅವನಿಗೆ ಬೆಳಿಗ್ಗೆಯೇ ಹೇಳಿ, ಮಾವನನ್ನು ಕರೆದುಕೊಂಡು ಬರುವ ಏರ್ಪಾಡು ಮಾಡಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು. ಮುಂದಿನ ಸಾಲಿನ ಹತ್ತಿರ ಬಂದು ಮಾವ ಆಚೆ ಈಚೆ ನೋಡುತ್ತಿದ್ದರು. ಜಾಗವಿರಲಿಲ್ಲ. ಯಾರೋ, 'ಹಿರಿಯರಿಗೊಂದು ಕುರ್ಚಿ ತನ್ರಪ್ಪ' ಅಂದರು.

ನಾನು ತಂದೆ.

ಯೋಚನೆ ಮಾಡಿ ತಂದದ್ದಲ್ಲ, ಯೋಚನೆ ಮಾಡದೆ ತಂದದ್ದು. ಅದೇ ಹೆಚ್ಚು ನಾಚಿಕೆ. ಮಾವ ನಿಂತಿದ್ದಾರೆ, ಇಲ್ಲೊಂದು ಕುರ್ಚಿ ಇದೆ, ಎತ್ತಿಕೊಂಡು ಮೆಟ್ಟಿಲಿಳಿದು ಹೋಗಿ ಹಾಕಿದೆ. ಆ ಹಾಲಿನ ತುಂಬ ಗಟ್ಟಿಮುಟ್ಟಾದ ಗಂಡಸರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನನ್ನ ಗಂಡ ಕೂತಿದ್ದರು, ಭಾವ ಕೂತಿದ್ದರು. ಅವರಲ್ಲಿ ಒಬ್ಬರಿಗೆ ಏಳಿ ಅನ್ನಬಹುದಿತ್ತು. ನನಗದು ಹೊಳೆಯಲೇ ಇಲ್ಲ. ಅಷ್ಟು ಕುರ್ಚಿಗಳ ನಡುವೆ ನನ್ನ ಕೈಗೆ ಸಿಕ್ಕಿದ್ದು ಅಕ್ಕನದು.

"ನಮ್ಮನೇ ಕುರ್ಚಿನೇ ತಂದಿಟ್ಟಿದ್ದೀರಲ್ಲ, ಒಳ್ಳೇದಾಯ್ತು" ಎಂದು ಮಾವ ಆರಾಮಾಗಿ ಕೂತರು.

ಗಂಟೆ ಹೊಡೆಯಿತು. ನಾನು ಓಡಿ ಬರುವಷ್ಟರಲ್ಲಿ ಪರದೆ ಸರಿದಿತ್ತು, ಅಕ್ಕ ಆಚೆ ಬದಿಯಿಂದ ವೇದಿಕೆಗೆ ಬಂದಿದ್ದರು. ರಿಹರ್ಸಲಿನಲ್ಲಿ ನಡೆದ ಹಾಗೆಯೇ ನಡೆದು ನಡುವಿಗೆ ಬಂದರು. ಅಲ್ಲಿ ಏನೂ ಇರಲಿಲ್ಲ. ನನ್ನ ಕಡೆ ನೋಡಿದರು. ನನ್ನ ಬರಿಗೈ ನೋಡಿದರು. ಆಮೇಲೆ ಮುಂದೆ ನೋಡಿದರು. ಮೊದಲ ಸಾಲಿನಲ್ಲಿ ಆ ಕುರ್ಚಿ, ಅದರಲ್ಲಿ ಮಾವ.

ಅಕ್ಕ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು. ಹಿಂದೆ ಸರಿದು, ಮನೆಯಲ್ಲಿ ಬಾಗಿಲ ಪಟ್ಟಿ ಹಿಡಿದು ನಿಲ್ಲುವ ಹಾಗೆ ಗೋಡೆಯ ಪಕ್ಕ ನಿಂತರು. ಅವರು ಕೂತ ಮೇಲೆ ಪರದೆ ಎಳೆಯಬೇಕು ಎಂದು ನಾನು ಹೇಳಿಟ್ಟಿದ್ದರಿಂದ ಹಗ್ಗ ಹಿಡಿದಾಕೆ ಅವರು ಕೂರಲಿ ಎಂದು ಕಾಯುತ್ತಲೇ ಇದ್ದಳು. ಆ ಬೆಳಕಿನಲ್ಲಿ ಅಕ್ಕ ಆ ಮಂಡಿಗಳ ಮೇಲೆ ಎಷ್ಟೋ ಹೊತ್ತು ನಿಂತೇ ಇದ್ದರು. ಕಡೆಗೆ ನಾನೇ ಕೈ ಬೀಸಿದೆ. ಪರದೆ ಬಿತ್ತು. ಆಮೇಲೆ ಬಿದ್ದ ಚಪ್ಪಾಳೆಯನ್ನು ನಾನು ಈಗಲೂ ಮರೆತಿಲ್ಲ.

ಅತಿಥಿಗಳಾಗಿ ಬಂದಿದ್ದ ನಿವೃತ್ತ ಉಪನ್ಯಾಸಕರು ಮೈಕಿನ ಮುಂದೆ ಕರಗಿಹೋದರು. ಆಕೆಗೆ ಕೂರಲು ಒಂದು ಕುರ್ಚಿಯೂ ಇಲ್ಲ ಎಂದು ತೋರಿಸಲು ಲೇಖಕಿ ವೇದಿಕೆಯನ್ನೇ ಖಾಲಿ ಬಿಟ್ಟಿದ್ದಾರೆ, ಎಂಥ ಸಂಕೇತ, ಎಂಥ ವ್ಯಂಗ್ಯ ಅಂದರು. ಅದು ಸಾಲದು ಎಂಬಂತೆ ಸೊಸೆಯರನ್ನು ನಾಟಕಕ್ಕೆ ಕಳಿಸಿದ ದೊಡ್ಡ ಮನಸ್ಸಿಗಾಗಿ ಸಂಘದವರು ಮಾವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. 'ನಮ್ಮನೇಲಿ ಹೆಣ್ಮಕ್ಕಳಿಗೆ ಯಾವ ಅಡ್ಡಿಯೂ ಇಲ್ಲ' ಎಂದು ಮಾವ ಎರಡು ಮಾತಾಡಿದರು. ಅವರಿಗಾಗಿ ಆ ಕುರ್ಚಿಯನ್ನು ಮೇಲೆ ತಂದಿದ್ದರು. ಅವರ ಒಂದು ಬದಿಗೆ ಅಕ್ಕ, ಇನ್ನೊಂದು ಬದಿಗೆ ನಾನು, ನಿಂತುಕೊಂಡು ಫೋಟೋ ತೆಗೆಸಿಕೊಂಡೆವು.

ಇಷ್ಟಕ್ಕೇ ನಿಂತಿದ್ದರೆ ಪೆದ್ದುತನ ಎಂದು ಬಿಡಬಹುದಿತ್ತು. ತಿಂಡಿಯ ಹೊತ್ತಿಗೆ ಉಪನ್ಯಾಸಕರು ತಟ್ಟೆ ಹಿಡಿದು ನನ್ನ ಹತ್ತಿರ ಬಂದರು.

"ಅಲ್ಲಿ ಒಂದು ಕುರ್ಚಿ ಇಡೋಣ ಅಂತ ನಿಮಗೆ ಒಂದು ಸಲವೂ ಅನ್ನಿಸಲಿಲ್ವಾ?"

ಅಕ್ಕ ಕೇಸರಿಬಾತಿನ ಪಾತ್ರೆ ಹಿಡಿದು ಪಕ್ಕದಲ್ಲೇ ಇದ್ದರು.

"ಅನ್ನಿಸಿತ್ತು ಸಾರ್" ಅಂದೆ. "ಆಮೇಲೆ ಬೇಡ ಅಂದ್ಕೊಂಡೆ."

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಅಂದರೆ, ಅರೆಕ್ಷಣ ನಾನೇ ನಂಬಿದೆ. ಅಕ್ಕ ನನ್ನ ಮುಖ ನೋಡಲಿಲ್ಲ. "ಸಾರ್‌ಗೆ ಇನ್ನೊಂಚೂರು ಹಾಕ್ಲಾ?" ಎಂದು ಅವರ ತಟ್ಟೆಗೆ ಕೇಸರಿಬಾತ್ ಬಡಿಸಿದರು.

ವಾಪಸು ಬರುವಾಗ ಮಾವ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಹಿಂದೆ ನಾವಿಬ್ಬರು, ನಮ್ಮ ನಡುವೆ ಕಾಲು ಮೇಲೆ ಮಾಡಿಕೊಂಡ ಕುರ್ಚಿ. ತಿರುವು ಬಂದಾಗಲೆಲ್ಲ ಅದು ಅಕ್ಕನ ಮಂಡಿಗೆ ತಾಗುತ್ತಿತ್ತು. ನಾನು ಅದನ್ನು ಹಿಡಿದುಕೊಂಡೇ ಇದ್ದೆ. ಮಾವ ಮುಂದಿನಿಂದಲೇ ಅಂದರು.

"ನಾಟಕ ಚೆನ್ನಾಗಿತ್ತು. ಆದ್ರೆ ಕೊನೇಲಿ ಅವ್ಳು ಯಾಕೆ ಸುಮ್ನೆ ನಿಂತ್ಲು ಅಂತ ನಂಗೆ ಗೊತ್ತಾಗ್ಲಿಲ್ಲ. ಪಾಪ, ಕೂರ್ಬಹುದಿತ್ತಲ್ಲ."

ಅಷ್ಟು ಜನರಲ್ಲಿ ನಾಟಕ ಕೆಟ್ಟದ್ದನ್ನು ಕಂಡವರು ಅವರೊಬ್ಬರೇ. ಡ್ರೈವರ್ ಗೇರ್ ಬದಲಾಯಿಸಿದ.

ಮನೆಯಲ್ಲಿ ನಾನು ಕ್ಷಮೆ ಕೇಳಿದೆ. ಅಕ್ಕ ಬೈಯಲಿ ಎಂದು ಕಾದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. "ಹೋಗ್ಲಿ ಬಿಡೆ, ವಯಸ್ಸಾದವ್ರು ನಿಂತಿರಕ್ಕಾಗ್ತದಾ?" ಅಂದರು. ಉಪನ್ಯಾಸಕರಿಗೆ ನಾನು ಹೇಳಿದ ಸುಳ್ಳಿನ ಮಾತನ್ನು ಅವರು ಎತ್ತಲೇ ಇಲ್ಲ. ನನಗೂ ಎತ್ತುವ ಧೈರ್ಯ ಬರಲಿಲ್ಲ.

ಸ್ವಲ್ಪ ದಿನಕ್ಕೆ ಕಳಸದಿಂದ ಫೋನ್ ಬಂತು. ಅಲ್ಲಿಯ ಹೆಂಗಸರ ಸಂಘದವರಿಗೂ ನಮ್ಮ ನಾಟಕ ಬೇಕಂತೆ. ಕೊನೆಯ ದೃಶ್ಯ ಮಾತ್ರ ಹಾಗೇ ಇರಲಿ, ಕುರ್ಚಿ ಇಲ್ಲದ ಹಾಗೆಯೇ ಅಂದರು. ಆಗಲಿ ಅಂದೆ. ಹೌದು, ಆಗಲೂ ಆಗಲಿ ಅಂದೆ. ಫೋನ್ ಇಟ್ಟು ಊಟದ ಮನೆಗೆ ಹೋಗಿ, ಮೇಜು ಒರೆಸುತ್ತಿದ್ದ ಅಕ್ಕನಿಗೆ ಹೇಳಿದೆ.

ಅಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. "ನಾನು ಬರಲ್ಲ ಕಣೆ."

"ಯಾಕಕ್ಕ? ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ."

"ನಿಂತ್ಕೊಳೋದಕ್ಕೆ ಕಳಸದವರೆಗೆ ಯಾಕೆ ಹೋಗ್ಲಿ? ಮನೇಲೇ ನಿಂತಿರ್ತೀನಲ್ಲ."

ನನಗೆ ಮುಖ ಎತ್ತಲಾಗಲಿಲ್ಲ. "ಕುರ್ಚಿ ಇರ್ತದೆ ಅಕ್ಕ. ಅವ್ರಿಗೆ ನಾನು ಹೇಳ್ತೀನಿ. ನಾನೇ ಇಡ್ತೀನಿ."

"ನೀನು ಇಡ್ತೀಯ" ಎಂದು ಅಕ್ಕ ನಕ್ಕರು. ಆ ನಗುವಿನಲ್ಲಿ ಕೋಪವಿರಲಿಲ್ಲ. "ಅಷ್ಟರಲ್ಲಿ ಯಾರಾದ್ರೂ ದೊಡ್ಡವ್ರು ಬಂದ್ರೆ?"

ಮೇಜಿನ ತುದಿಯ ಬೆತ್ತದ ಕುರ್ಚಿಯನ್ನು ಎಳೆದು, "ಕೂತ್ಕೊಳ್ಳಿ" ಅಂದೆ. ಅಕ್ಕ ಬಟ್ಟೆಯನ್ನು ಮೇಜಿನ ಮೇಲೆ ಹಾಕಿ ಕೂತರು. ಗೋಡೌನಿನಲ್ಲಿ ಕೂತ ಹಾಗೆಯೇ, ಬೆನ್ನು ಆನಿಸಿ, ಕೈ ಚಾಚಿ, ಕಾಲು ನೀಡಿ. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಹೊರಗೆ ಸ್ಪ್ರಿಂಕ್ಲರ್ ನೀರು ಎಲೆಗಳ ಮೇಲೆ ಬೀಳುವ ಸದ್ದು.

ಜಗಲಿಯಲ್ಲಿ ಊರುಗೋಲಿನ ಸದ್ದಾಯಿತು.

ಮಾವ ಬಾಗಿಲಿಗೆ ಬರುವಷ್ಟರಲ್ಲಿ ನಾನು ಎದ್ದು, ಬಾಗಿಲ ಪಟ್ಟಿ ಹಿಡಿದು ನಿಂತಾಗಿತ್ತು. ಅಕ್ಕ ಎದ್ದಿರಲಿಲ್ಲ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಬೆರಳು ಬೆಳ್ಳಗಾಗಿದ್ದವು, ಆದರೂ ಕೂತೇ ಇದ್ದರು. ಮಾವ ಅವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕೂತಿದ್ದ ಕುರ್ಚಿಯನ್ನೇ ಸರಿಸಿ ಕೂತು, ಊರುಗೋಲನ್ನು ಮೇಜಿಗೆ ಒರಗಿಸಿದರು.

"ಒಂದು ಲೋಟ ಕಾಫಿ ಸಿಗ್ತದಾ?" ಅಂದರು.

ನಿಂತಿದ್ದವಳು ನಾನೊಬ್ಬಳೇ. ತರಲು ನಾನೇ ಹೋದೆ.